ಸೈಪ್ರಸ್ಸಿನಲ್ಲಿ ನಾನು ಹಾಕದ ಸಹಿ

ಅಬು ಹಲೀಫಾ

ಸೈಪ್ರಸ್ ನೋಡಿ ಬಂದವರು ಸಾಮಾನ್ಯವಾಗಿ ಅಲ್ಲಿನ ಸಮುದ್ರದ ಬಣ್ಣದಿಂದ ಮಾತು ಶುರು ಮಾಡುತ್ತಾರೆ. ನನ್ನಿಂದ ಅದು ಆಗುವುದಿಲ್ಲ. ಬಣ್ಣ ಚೆನ್ನಾಗಿಯೇ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ದ್ವೀಪದ ಹೆಸರು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೊದಲು ಬರುವುದು ಸಿಟ್ಟು. ಬಣ್ಣ ಆಮೇಲೆ ನೆನಪಾಗುತ್ತದೆ.

ನಾನು ಕುವೈತಿನ ಅರ್ದಿಯಾದಲ್ಲಿ ಒಂದು ವರ್ಕ್‌ಶಾಪಿನಲ್ಲಿ ಡೀಸೆಲ್ ಎಂಜಿನ್ ರಿಪೇರಿ ಮಾಡುವವನು. ಊರು ಇಳಕಲ್ಲಿನ ಹತ್ತಿರ. ನಾನು ಬೆಳೆದ ಕಡೆ ಆಳವಾದ ನೀರೆಂದರೆ ಬಾವಿ, ಅದರ ಹತ್ತಿರವೂ ಹೋಗಬಾರದೆಂದು ನನ್ನವ್ವನ ಕಟ್ಟಪ್ಪಣೆ. ಅಬು ಹಲೀಫಾದ ನಮ್ಮ ಮನೆಯ ಅಡುಗೆಮನೆ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಹನ್ನೊಂದು ವರ್ಷದಲ್ಲಿ ನಾನು ಅದರೊಳಗೆ ಇಳಿದದ್ದು ಪಾದ ಮುಳುಗುವಷ್ಟು.

ದೋಣಿಯ ಹುಚ್ಚು ನನ್ನದಲ್ಲ, ವಾಲ್ಟರ್‌ರದು. ಅವರು ಮಲ್ಪೆ ಕಡೆಯವರು. ತಂದೆಗೆ ಮೀನಿನ ದೋಣಿ ಇತ್ತು. ಇಲ್ಲಿ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ. ಅವರ ಹೆಂಡತಿ ಪ್ರೆಸಿಲ್ಲಾ ಬೇರೊಂದು ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಬ್ನೇದ್ ಅಲ್ ಗಾರ್‌ನಲ್ಲಿ ಇರುತ್ತಾರೆ. ಒಮ್ಮೆ ಎಂಜಿನ್ ಬ್ಲಾಕ್ ಜಾರಿ ನನ್ನ ಮುಂಗೈ ಮುರಿದಾಗ ಎಕ್ಸ್‌ರೇ ತೆಗೆದವರು ವಾಲ್ಟರ್. ಕೈ ಆಡಿಸಬೇಡಿ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು, ನಾನು ನೋವಿಗೆ "ಯವ್ವಾ" ಅಂದ ಕೂಡಲೇ ಕನ್ನಡಕ್ಕೆ ಬಂದರು. ಅಲ್ಲಿಂದ ನಮ್ಮ ಎರಡು ಮನೆಗಳ ಶುಕ್ರವಾರದ ಊಟ ಒಟ್ಟಿಗೇ ಆಯಿತು.

"ಹಾಯಿದೋಣಿಯಲ್ಲಿ ಐದಾರು ದಿವಸ, ಬಸಣ್ಣ," ಅಂದರು ಒಂದು ಶುಕ್ರವಾರ. ಈದ್ ರಜೆ ಹತ್ತಿರವಿತ್ತು. "ಸೈಪ್ರಸ್ ಎಂತ ದೂರ ಇಲ್ಲ. ದಕ್ಷಿಣದ ತೀರ ಹಿಡ್ಕೊಂಡು ಹೋಗುವುದು. ಕ್ಯಾಪ್ಟನ್ ದೋಣಿಯವರದ್ದೇ ಉಂಟು."

"ನನಗ ಈಜು ಬರೂದಿಲ್ರಿ."

"ಈಜ್ಲಿಕ್ಕೆ ಅಲ್ಲ ಮಾರಾಯ್ರೆ, ಕೂತ್ಕೊಳ್ಲಿಕ್ಕೆ."

ನಾನು ಬೇಡವೆನ್ನುವ ಮೊದಲೇ ನನ್ನ ಹೆಂಡತಿ ಸುಮಂಗಲಾ ಮಾತು ಮುಗಿಸಿದಳು. "ಇಷ್ಟು ವರ್ಷ ಪಾತ್ರಿ ತಿಕ್ಕೋತ ಕಿಡಕ್ಯಾಗಿಂದ ಸಮುದ್ರ ನೋಡೇನಿ. ಒಮ್ಮೆ ಅದರ ಮ್ಯಾಲ ಕುಂತು ನೋಡೂಣು."

ಹೀಗೆ ಐದು ಜನ ಹೊರಟೆವು. ವಾಲ್ಟರ್, ಪ್ರೆಸಿಲ್ಲಾ, ಸುಮಾ, ನಾನು ಮತ್ತು ಆರನೆಯ ತರಗತಿಯ ನಮ್ಮ ಮಗಳು ಪಲ್ಲವಿ.

ಲಾರ್ನಾಕಾ

ದೋಣಿಗಳ ಕಟ್ಟೆಗೆ ನಾವು ಬೆಳಿಗ್ಗೆಯೇ ಹೋದೆವು. ಉಳಿದವರು ಕುಡಿಯುವ ನೀರು ಕೊಳ್ಳಲು ಅಂಗಡಿಗೆ ಹೋದರು, ನಾನು ಎಲ್ಲರ ಚೀಲ ಹೊತ್ತು ನಮ್ಮ ದೋಣಿಯ ಮುಂದೆ ನಿಂತೆ. ಡೆಕ್ ಮೇಲೆ ಬಟ್ಟೆ ಕೊಳೆಯಾಗುತ್ತದೆ ಎಂದು ವಾಲ್ಟರ್ ಹೇಳಿದ್ದರಿಂದ ಹಳೆಯ ಪ್ಯಾಂಟ್ ಹಾಕಿಕೊಂಡಿದ್ದೆ. ಐವತ್ತರ ಆಸುಪಾಸಿನ, ಬಿಸಿಲಿಗೆ ಕೆಂಪಾದ ಒಬ್ಬ ಮನುಷ್ಯ ದೋಣಿಯಿಂದ ಇಳಿದ. ಕಿವಿಗೆ ಫೋನು ಒತ್ತಿಕೊಂಡಿದ್ದ. ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ನೀರಿನ ಪೈಪು ಮತ್ತು ಉದ್ದ ಬ್ರಷ್ಷು ನನ್ನ ಕೈಗೆ ಕೊಟ್ಟು, ಡೆಕ್ ಕಡೆ ಬೆರಳು ತೋರಿಸಿ, ಮಾತಾಡುತ್ತಲೇ ಆಚೆ ಹೋದ.

ನಾನು ಚೀಲ ಇಳಿಸಿ ತೊಳೆಯತೊಡಗಿದೆ.

ದೋಣಿ ಹತ್ತುವವರೇ ತೊಳೆಯುವುದು ಅಲ್ಲಿನ ಪದ್ಧತಿ ಅಂದುಕೊಂಡೆ ಎಂದು ಆಮೇಲೆ ಎಲ್ಲರಿಗೂ ಹೇಳಿದೆ. ಅದು ಸುಳ್ಳು. ನಾನು ಏನೂ ಅಂದುಕೊಂಡಿರಲಿಲ್ಲ. ಯಾರೋ ಪೈಪು ಕೊಟ್ಟರು, ಕೈ ತೆಗೆದುಕೊಂಡಿತು, ಅಷ್ಟೆ. ವಾಲ್ಟರ್ ನೀರಿನ ಬಾಟಲಿಗಳೊಂದಿಗೆ ಬಂದು ಬುಕಿಂಗ್ ಕಾಗದ ತೋರಿಸುವ ಹೊತ್ತಿಗೆ ಅರ್ಧ ಡೆಕ್ ಮುಗಿದಿತ್ತು.

ಕ್ಯಾಪ್ಟನ್ ಹೆಸರು ಸ್ಟೆಲಿಯೊಸ್. ಕಾಗದ ನೋಡಿದ, ನನ್ನನ್ನು ನೋಡಿದ, ಜೋರಾಗಿ ನಕ್ಕ. "ಕ್ಲೀನಿಂಗ್‌ನವರು ಕಳಿಸಿದ ಮನುಷ್ಯ ಅಂದುಕೊಂಡೆ. ಅವರೂ ನಿಮ್ಮ ಕಡೆಯವರೇ ಇರ್ತಾರೆ." ನನ್ನ ಬೆನ್ನು ತಟ್ಟಿದ. "ಚೆನ್ನಾಗಿ ತೊಳೆದಿದ್ದೀಯ."

ತಪ್ಪಾಯಿತು ಅನ್ನಲಿಲ್ಲ.

ಪಲ್ಲವಿ ಒದ್ದೆ ಡೆಕ್ ನೋಡುತ್ತ ಕೇಳಿದಳು, "ಪಪ್ಪಾ, ವೈ ಡಿಡಂಟ್ ಯೂ ಆಸ್ಕ್ ಹಿಮ್?" ನಾವು ಕನ್ನಡದಲ್ಲಿ ಮಾತಾಡಿದರೆ ಅವಳು ಇಂಗ್ಲಿಷಿನಲ್ಲೇ ಉತ್ತರಿಸುವುದು. ಅವನನ್ನು ಯಾಕೆ ಕೇಳಲಿಲ್ಲ ಎಂದು ಮಗಳು ಕೇಳಿದಾಗ ನಾನು ಪೈಪು ಸುತ್ತಿ ಬದಿಗಿಡುತ್ತಿದ್ದೆ. ಹನ್ನೊಂದು ವರ್ಷ ಯಲ್ಲಾ, ಯಲ್ಲಾ, ಬೇಗ ಬೇಗ ಅನ್ನಿಸಿಕೊಂಡ ಕೈ, ಯಾರು ಏನು ಕೊಟ್ಟರೂ ಹಿಡಿದುಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಆ ಹೊತ್ತಿಗೆ ಕ್ಯಾಪ್ಟನ್ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ನನ್ನ ಮೇಲೆ ಬಂತು.

ಅಷ್ಟಕ್ಕೇ ಮುಗಿಯಲಿಲ್ಲ. ಪಕ್ಕದ ದೋಣಿಯಲ್ಲಿ ಟೋಪಿ ಹಾಕಿಕೊಂಡು ಕೂತಿದ್ದ ವಯಸ್ಸಾದ ಹೆಂಗಸೊಬ್ಬಳು ಪ್ರೆಸಿಲ್ಲಾರನ್ನು ಕರೆದು, ವಾರಕ್ಕೆರಡು ದಿನ ಮನೆಗೆಲಸಕ್ಕೆ ಬರುತ್ತೀಯಾ ಎಂದು ಕೇಳಿದಳು. ಪ್ರೆಸಿಲ್ಲಾ ನಗುತ್ತಲೇ, "ನಾನು ಇಂಜೆಕ್ಷನ್ ಮಾತ್ರ ಕೊಡ್ತೇನೆ," ಅಂದರು. ಆ ಹೆಂಗಸಿಗೆ ಅದು ಅರ್ಥವಾಗಲಿಲ್ಲ. ಪ್ರೆಸಿಲ್ಲಾ ನಮ್ಮ ದೋಣಿಯ ಇನ್ನೊಂದು ಬದಿಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಕೂತರು.

ಹೊರಡುವ ಮುಂಚೆ ಕ್ಯಾಪ್ಟನ್ ಐದೂ ಪಾಸ್‌ಪೋರ್ಟ್ ಕೇಳಿ ತೆಗೆದುಕೊಂಡ. ಬಂದರಿನ ಕಾಗದಗಳಿಗೆ ಬೇಕು, ಆಫೀಸಿನಲ್ಲಿರುತ್ತವೆ, ಹೋಗುವ ದಿನ ಸಿಗುತ್ತವೆ ಅಂದ. ನನ್ನ ಪಾಸ್‌ಪೋರ್ಟ್ ವರ್ಷವಿಡೀ ಇರುವುದು ನನ್ನನ್ನು ಕೆಲಸಕ್ಕೆ ಕರೆಸಿಕೊಂಡ ಕಫೀಲನ ಕಪಾಟಿನಲ್ಲಿ. ಅರ್ಜಿ ಬರೆದು, ಮೂರು ಸಲ ಹೋಗಿ ಬಿಡಿಸಿಕೊಂಡು ಬಂದಿದ್ದೆ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ. ರಜೆಗೆಂದು ಬಂದ ಊರಿನಲ್ಲೂ ಅದನ್ನು ಇನ್ನೊಬ್ಬರ ಡ್ರಾಯರಿಗೆ ಹಾಕಿ ಹತ್ತಬೇಕಾಯಿತು.

ಝಿಗಿ

ಮೊದಲ ದಿನ ನಾನು ಸಮುದ್ರ ನೋಡಲಿಲ್ಲ, ಬಕೆಟ್ ನೋಡಿದೆ. ಹೊಟ್ಟೆಯಲ್ಲಿದ್ದದ್ದೆಲ್ಲ ಅದರೊಳಗೆ ಹೋಯಿತು. ವಾಲ್ಟರ್ ಮಾತ್ರ ಬೇರೆಯೇ ಮನುಷ್ಯನಾಗಿದ್ದರು. ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆ ಸವರಿಕೊಂಡು ನಡೆಯುವವರು ಇಲ್ಲಿ ಬರಿಗಾಲಲ್ಲಿ ದೋಣಿಯ ಮೂತಿಯ ಮೇಲೆ ನಿಂತು ಗಾಳಿಗೆ ಮುಖ ಒಡ್ಡಿದ್ದರು. ಹಗ್ಗ ಎಳೆಯುವುದು, ಗಂಟು ಹಾಕುವುದು, ಯಾವುದನ್ನೂ ಅವರಿಗೆ ಹೇಳಿಕೊಡಬೇಕಾಗಲಿಲ್ಲ.

"ದೂರ ನೋಡಿ ಬಸಣ್ಣ. ಗುಡ್ಡ ನೋಡಿ. ನೀರು ನೋಡ್ಬೇಡಿ."

ಗುಡ್ಡ ನೋಡಿದೆ. ಬೋಳು, ಕಂದು, ಅಲ್ಲಲ್ಲಿ ಪಾಪಸುಕಳ್ಳಿ. ಗಜೇಂದ್ರಗಡದ ಗುಡ್ಡಗಳನ್ನು ಯಾರೋ ತಂದು ನೀರಿನ ದಂಡೆಗೆ ಇಟ್ಟ ಹಾಗಿತ್ತು. ನಮ್ಮಲ್ಲಿ ಬೇಲಿಗೆ ನೆಡುವ ಆ ಕಳ್ಳಿಯ ಹಣ್ಣನ್ನು ಇವರು ಮುಳ್ಳು ತೆಗೆದು, ತಣ್ಣಗೆ ಮಾಡಿ, ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಸಂಜೆ ಝಿಗಿ ಎಂಬ ಮೀನುಗಾರರ ಹಳ್ಳಿಯಲ್ಲಿ ನಿಂತಾಗ ನನ್ನ ಹೊಟ್ಟೆ ಒಪ್ಪಿದ್ದು ಅದೊಂದನ್ನೇ.

ಊಟದ್ದು ಇನ್ನೊಂದು ಕಥೆ. ನಮ್ಮ ಮನೆಯ ಮೂವರೂ ಮಾಂಸ, ಮೀನು ತಿನ್ನುವುದಿಲ್ಲ ಎಂದು ಬುಕಿಂಗ್ ಮಾಡುವಾಗಲೇ ಬರೆಸಿದ್ದೆವು. ಕ್ಯಾಪ್ಟನ್ ತಲೆ ಅಲ್ಲಾಡಿಸಿದ, ಮೀನು ಹುರಿದ ಅದೇ ಬಾಣಲೆಯಲ್ಲಿ ನಮಗೆ ಬದನೆಕಾಯಿ ಹುರಿದ. ಹೇಳಿದರೆ, "ಮೀನು ತೆಗೆದಿದ್ದೇನಲ್ಲ" ಅಂದ. ಅದಾದಮೇಲೆ ಸುಮಾ ಅವನ ಅಡುಗೆ ಮುಟ್ಟಲಿಲ್ಲ. ಕುವೈತಿನಿಂದ ಕಟ್ಟಿಕೊಂಡು ಬಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿಯ ಡಬ್ಬಿ ತೆಗೆದಳು. ಅಲ್ಲಿಯ ಮೊಸರು ಗಟ್ಟಿಯಾಗಿ, ಹುಳಿಯಾಗಿ, ಚಟ್ನಿಪುಡಿಗೆ ಹೇಳಿ ಮಾಡಿಸಿದ ಹಾಗಿತ್ತು. ಕ್ಯಾಪ್ಟನ್ ಕುತೂಹಲಕ್ಕೆ ಒಂದು ರೊಟ್ಟಿ ಮುರಿದು ಬಾಯಿಗಿಟ್ಟ. ಆಮೇಲೆ ದಿನಾ ಬೆಳಿಗ್ಗೆ ಕೈ ಚಾಚಿ ಕೇಳತೊಡಗಿದ. ಸುಮಾ ಇಲ್ಲವೆನ್ನದೆ ಕೊಟ್ಟಳು. ನಮ್ಮ ರೊಟ್ಟಿ ತಿಂದವನು ಎಂಬುದನ್ನು ನಾನು ಇಲ್ಲಿ ಬೇಕೆಂದೇ ಬರೆಯುತ್ತಿದ್ದೇನೆ.

ಲೆಫ್ಕರಾ

ನ್ಯಾಯವಾಗಿ ಹೇಳಬೇಕೆಂದರೆ ಆ ದ್ವೀಪದಲ್ಲಿ ನಮ್ಮನ್ನು ಮನುಷ್ಯರ ಹಾಗೆ ಕಂಡವರೂ ಇದ್ದರು. ಎರಡನೆಯ ದಿನ ಝಿಗಿಯಿಂದ ಟ್ಯಾಕ್ಸಿಯಲ್ಲಿ ಗುಡ್ಡದ ಮೇಲಿನ ಲೆಫ್ಕರಾ ಎಂಬ ಊರಿಗೆ ಹೋದೆವು. ಕಲ್ಲಿನ ಮನೆಗಳು, ಇಕ್ಕಟ್ಟು ಓಣಿ, ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಬಿಳಿ ಬಟ್ಟೆಯ ಮೇಲೆ ಸೂಜಿಯಲ್ಲಿ ಹೂವು ತೆಗೆಯುವ ಅಜ್ಜಿಯರು.

ಸುಮಾ ಒಬ್ಬ ಅಜ್ಜಿಯ ಮುಂದೆ ನಿಂತಳು. ಬಟ್ಟೆಯ ಮುಂಭಾಗ ಎಲ್ಲರೂ ನೋಡುತ್ತಾರೆ. ಇವಳು ಅದನ್ನು ತಿರುವಿ ಹಿಂಭಾಗ ನೋಡಿದಳು. ಅಲ್ಲೂ ಅದೇ ಹೂವು, ಒಂದೂ ಗಂಟಿಲ್ಲ. ಅಜ್ಜಿ ಸೂಜಿ ನಿಲ್ಲಿಸಿ ಇವಳ ಮುಖ ನೋಡಿದಳು. ಸುಮಾ ತನ್ನ ಇಳಕಲ್ ಸೀರೆಯ ಸೆರಗಿನಲ್ಲಿ ತಾನೇ ಹಾಕಿದ್ದ ಕಸೂತಿಯ ಸಣ್ಣ ಗೋಪುರವನ್ನು ತಿರುವಿ ತೋರಿಸಿದಳು. ಅಜ್ಜಿ ಕನ್ನಡಕ ಏರಿಸಿ, ಬೆರಳಲ್ಲಿ ಸವರಿ, ಗಂಟು ಹುಡುಕಿದಳು. ಸಿಗಲಿಲ್ಲ. ಪಕ್ಕದ ಮನೆಯವಳನ್ನು ಕೂಗಿ ಕರೆದಳು. ಆಕೆ ಇನ್ನೊಬ್ಬಳನ್ನು ಕರೆದಳು. ಅರ್ಧ ಗಂಟೆ ನನ್ನ ಹೆಂಡತಿಯ ಸೆರಗು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಇವಳಿಗೆ ಅವರ ಮಾತು ಬಾರದು, ಅವರಿಗೆ ಇವಳದು ಬಾರದು. ಆದರೂ ಯಾವುದೋ ಒಂದು ಹೊಲಿಗೆಯ ಬಗ್ಗೆ ಅವರಲ್ಲಿ ದೊಡ್ಡ ವಾದವೇ ನಡೆಯಿತು.

"ನಮ್ಮವ್ವಗ ಇವರನ್ನ ತೋರಸಬೇಕಿತ್ತು," ಅಂದಳು ವಾಪಸು ಬರುವಾಗ. ಇಡೀ ಪ್ರವಾಸದಲ್ಲಿ ಅವಳು ಅಷ್ಟು ಖುಷಿಯಾಗಿದ್ದದ್ದು ಅವತ್ತೊಂದೇ ದಿನ.

ಪಿಸ್ಸೂರಿ

ನಾಲ್ಕನೆಯ ದಿನ ಮಧ್ಯಾಹ್ನ ಪಿಸ್ಸೂರಿ ಕೊಲ್ಲಿಯ ಹತ್ತಿರ, ಸುಣ್ಣದಂಥ ಬಿಳಿ ಬಂಡೆಗಳ ಕೆಳಗೆ ಕ್ಯಾಪ್ಟನ್ ಲಂಗರು ಹಾಕಿದ. ಅಷ್ಟು ಎತ್ತರದ ಬಂಡೆಯ ಬುಡದಲ್ಲಿ ಕೂತು ಊಟ ಮಾಡುವುದು ಚಂದ ಎಂದ. ವಾಲ್ಟರ್ ಆಕಾಶ ನೋಡಿ, ನೀರು ನೋಡಿ, "ಇಲ್ಲಿ ಬೇಡ. ಗಾಳಿ ಸಮುದ್ರದ ಕಡೆಯಿಂದ ಬರ್ತಾ ಉಂಟು," ಅಂದರು. ಕ್ಯಾಪ್ಟನ್ ಇಪ್ಪತ್ತು ವರ್ಷದಿಂದ ತಾನು ಇಲ್ಲೇ ಊಟ ಮಾಡುತ್ತಿದ್ದೇನೆ ಅಂದ.

ಊಟ ಮುಗಿಯುವಷ್ಟರಲ್ಲಿ ಗಾಳಿ ಏರಿತು. ಅಲೆಗಳು ದೋಣಿಯನ್ನು ಎತ್ತಿ ಎತ್ತಿ ಹಾಕತೊಡಗಿದವು. ಮೊದಲು ಗಮನಿಸಿದವರು ವಾಲ್ಟರ್. "ಲಂಗರು ಹಿಡಿತಾ ಇಲ್ಲ. ನಾವು ಜಾರ್ತಾ ಇದ್ದೇವೆ." ಕ್ಯಾಪ್ಟನ್ ಎದ್ದು ಎಂಜಿನ್ ಚಾಲು ಮಾಡಿದ. ಒಂದು ನಿಮಿಷ ಓಡಿತು, ಎರಡು ಸಲ ಕೆಮ್ಮಿತು, ನಿಂತಿತು. ಮತ್ತೆ ಮಾಡಿದ, ಹತ್ತಲಿಲ್ಲ. ದೊಡ್ಡ ಹಾಯಿ ಏರಿಸಲು ಹೋದರೆ ಅದರ ಹಗ್ಗ ಬೆಳಗಿನಿಂದಲೇ ಕಂಬದ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಬಂದರಿನಲ್ಲಿ ನೋಡೋಣ ಎಂದು ಬಿಟ್ಟಿದ್ದ.

ಬಂಡೆಗಳಿಗೂ ನಮಗೂ ನಡುವೆ ಉಳಿದಿದ್ದದ್ದು ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಷ್ಟು ನೀರು. ಅಲೆ ಬಂಡೆಗೆ ಬಡಿದು ಸಿಡಿಯುವ ಹನಿ ಮುಖಕ್ಕೆ ತಾಗುತ್ತಿತ್ತು. ಸುಮಾ ಪಲ್ಲವಿಗೆ ತೇಲುವ ಜಾಕೆಟ್ ಹಾಕಿ, ತನ್ನ ಜಾಕೆಟ್ಟಿನ ಪಟ್ಟಿಯನ್ನೂ ಮಗಳದಕ್ಕೆ ಕಟ್ಟಿಕೊಂಡಳು. ಅವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಕ್ಯಾಪ್ಟನ್ ನನ್ನ ತೋಳು ಹಿಡಿದ. "ನೀನು ಡೀಸೆಲ್ ಮೆಕ್ಯಾನಿಕ್ ಅಂದೆಯಲ್ಲ. ನೋಡು. ದಯವಿಟ್ಟು ನೋಡು."

ದಯವಿಟ್ಟು ಅಂದ. ಆ ಮಾತು ನನಗೆ ಚೆನ್ನಾಗಿ ನೆನಪಿದೆ.

ವಾಲ್ಟರ್ ಹಿಂದಿನ ಪೆಟ್ಟಿಗೆಯಿಂದ ಎರಡನೆಯ ಲಂಗರು ಎಳೆದು ತೆಗೆದರು. ನಾನು ಮೆಟ್ಟಿಲ ಕೆಳಗಿನ ಮುಚ್ಚಳ ಕಿತ್ತು ಎಂಜಿನ್ ಇರುವ ಗೂಡಿಗೆ ತಲೆ ಹಾಕಿದೆ. ಪ್ರೆಸಿಲ್ಲಾ ಬಂದು ಪಕ್ಕದಲ್ಲಿ ಮಂಡಿಯೂರಿ ಟಾರ್ಚ್ ಹಿಡಿದರು. ಡೀಸೆಲ್ ಫಿಲ್ಟರಿನ ಗಾಜಿನ ಬಟ್ಟಲು ನೋಡಿದ ಕೂಡಲೇ ರೋಗ ತಿಳಿಯಿತು. ಬಟ್ಟಲಿನ ತುಂಬ ನೀರು, ಕಂದು ಕೆಸರು. ಟ್ಯಾಂಕ್ ತೊಳೆದು ಎಷ್ಟು ವರ್ಷವಾಗಿತ್ತೋ. ಅರ್ದಿಯಾದಲ್ಲಿ ನೀರಿನ ಟ್ಯಾಂಕರ್ ಓಡಿಸುವವರು ಕೂಡ ಎಂಜಿನ್ನನ್ನು ಇಷ್ಟು ಕೆಡಿಸಿ ತಂದವರಲ್ಲ.

ಪಾನಾ ಒಂದೇ ಇತ್ತು, ತುಕ್ಕು ಹಿಡಿದದ್ದು. ಪಲ್ಲವಿ ಕುಡಿದಿಟ್ಟ ಜ್ಯೂಸಿನ ಖಾಲಿ ಬಾಟಲಿ ಕೆಳಗೆ ಹಿಡಿದು ಬಟ್ಟಲಿನ ಸ್ಕ್ರೂ ಸಡಿಲಿಸಿದೆ. ಬಾಟಲಿ ತುಂಬಿತು, ಉಳಿದದ್ದನ್ನು ಬಕೆಟ್ಟಿಗೆ ಬಿಟ್ಟೆ. ಶುದ್ಧ ಡೀಸೆಲ್ ಬರುವವರೆಗೆ ಬಿಟ್ಟು ಬಿಗಿದೆ. ಆಮೇಲೆ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಮೇಲಿನ ಸ್ಕ್ರೂ ಸಡಿಲಿಸಿ, ಗಾಳಿಯ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತುತ್ತ ಕೂರಬೇಕು, ಅವಸರ ಮಾಡಿದರೆ ಆಗುವುದಿಲ್ಲ. ದೋಣಿ ಏಳುತ್ತಿತ್ತು, ಬೀಳುತ್ತಿತ್ತು, ನನ್ನ ಹಣೆ ಕಬ್ಬಿಣಕ್ಕೆ ಬಡಿಯುತ್ತಿತ್ತು. ಮೇಲಿನಿಂದ ವಾಲ್ಟರ್ ಕೂಗಿದರು, "ಹಿಡಿಯಿತು ಬಸಣ್ಣ. ಎರಡನೇದು ಹಿಡಿಯಿತು. ನಿಧಾನ ಮಾಡಿ."

ಆ "ನಿಧಾನ ಮಾಡಿ" ಎಂಬ ಮಾತು ಕೇಳಿ ನಾನು ಎಣಿಸಿ ಎಣಿಸಿ ಪಂಪು ಒತ್ತತೊಡಗಿದೆ. ಗುಳ್ಳೆಗಳು ನಿಂತವು. ಸ್ಕ್ರೂ ಬಿಗಿದು "ಸ್ಟಾರ್ಟ್" ಎಂದೆ. ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು.

ಆಳದ ನೀರಿಗೆ ಬಂದ ಮೇಲೆ ನಾನು ಡೆಕ್ ಮೇಲೆ ಕೂತು ಅತ್ತೆ. ಪಲ್ಲವಿ ಏನೂ ಕೇಳದೆ ನನ್ನ ಎಣ್ಣೆ ಕೈಯನ್ನು ಹಿಡಿದುಕೊಂಡು ಕೂತಳು.

ಪಾಫೋಸ್

ಸಂಜೆ ಪಾಫೋಸ್ ಬಂದರು ಸೇರಿದೆವು. ಬಂದರಿನ ಬಾಯಲ್ಲಿ ಒಂದು ಪುಟ್ಟ ಕೋಟೆ ಇದೆ, ನಮ್ಮ ಕಡೆಯ ಒಂದು ವಾಡೆಯಷ್ಟೂ ಇಲ್ಲ. ಕ್ಯಾಪ್ಟನ್ ನನ್ನನ್ನು ತಬ್ಬಿಕೊಂಡು ತಮ್ಮಾ ಅಂದ. ಅಂಗೈಯಗಲದ ಬಟ್ಟಲಲ್ಲಿ ಗಟ್ಟಿ ಕಾಫಿ ಕುಡಿಸಿದ. ನನ್ನ ಮನಸ್ಸೂ ಕರಗಿತು. ಪೈಪು ಕೊಟ್ಟದ್ದನ್ನೂ ಬಾಣಲೆಯದ್ದನ್ನೂ ಮರೆತೆ. ಜ್ಯೂಸಿನ ಬಾಟಲಿಯನ್ನು ಮಾತ್ರ ಎಸೆಯಲಿಲ್ಲ. ಎಂಜಿನ್ನಿನಿಂದ ತೆಗೆದದ್ದನ್ನು ಮಾಲೀಕನಿಗೆ ತೋರಿಸುವುದು ನಮ್ಮ ವರ್ಕ್‌ಶಾಪಿನ ರೂಢಿ. ಬಾಟಲಿಯ ಬಿರಡೆ ಬಿಗಿದು ಚೀಲದಲ್ಲಿಟ್ಟೆ.

ಮರುದಿನ ಕ್ಯಾಪ್ಟನ್ ಮಾತು ಕಡಿಮೆ ಮಾಡಿದ. ಹೊರಗೆ ನಿಂತು ಫೋನಿನಲ್ಲೇ ಇದ್ದ. ನಾವು ಹಳೆಯ ಕಾಲದ ಮನೆಗಳ ನೆಲದಲ್ಲಿ ಬಣ್ಣದ ಹರಳು ಜೋಡಿಸಿ ಮಾಡಿದ ಚಿತ್ರಗಳನ್ನು ನೋಡುತ್ತ ಬಿಸಿಲಲ್ಲಿ ಅಲೆದೆವು. ಅಷ್ಟು ಚಂದದ ನೆಲದ ಮೇಲೆ ಊಟಕ್ಕೆ ಕೂತವರು ಯಾರೋ ಎಂದು ಸುಮಾ ಕೇಳಿದಳು. ತೊಳೆದವರು ಯಾರೋ ಎಂದು ನಾನು ಯೋಚಿಸುತ್ತಿದ್ದೆ.

ಮತ್ತೆ ಲಾರ್ನಾಕಾ

ಶನಿವಾರ ಬೆಳಿಗ್ಗೆ ದೋಣಿಯನ್ನು ಪಾಫೋಸಿನಲ್ಲೇ ಬಿಟ್ಟು ಟ್ಯಾಕ್ಸಿಯಲ್ಲಿ ಲಾರ್ನಾಕಾಕ್ಕೆ ಬಂದೆವು. ಕ್ಯಾಪ್ಟನ್ ಮುಂಚೆಯೇ ಬಂದಿದ್ದ. ವಿಮಾನ ಮಧ್ಯಾಹ್ನ ಎರಡಕ್ಕೆ, ಈಗ ಹನ್ನೊಂದು. ಭಾನುವಾರ ಬೆಳಿಗ್ಗೆ ಪ್ರೆಸಿಲ್ಲಾರ ಡ್ಯೂಟಿ.

ಬುಕಿಂಗ್ ತಮ್ಮ ಹೆಸರಿನಲ್ಲಿದ್ದ ಕಾರಣ ವಾಲ್ಟರ್ ಒಬ್ಬರೇ ದೋಣಿಯವರ ಆಫೀಸಿನೊಳಗೆ ಹೋದರು. ಹತ್ತು ನಿಮಿಷಕ್ಕೆ ಹೊರಗೆ ಬಂದಾಗ ಕೈಯಲ್ಲಿ ಎರಡೇ ಪಾಸ್‌ಪೋರ್ಟ್ ಇದ್ದವು, ಅವರದು ಮತ್ತು ಪ್ರೆಸಿಲ್ಲಾರದು.

"ಎಂತ ಇಲ್ಲ, ಒಂದು ಫಾರ್ಮ್ ಉಂಟು. ನೀವೊಂದು ಸೈನ್ ಹಾಕಿ, ಹೋಗುವಾ," ಅಂದರು. ನನ್ನ ಮುಖ ನೋಡಲಿಲ್ಲ.

ಒಳಗೆ ಹೋದೆ. ಅರವತ್ತರ ಹತ್ತಿರದ ಮ್ಯಾನೇಜರ್ ಹೆಂಗಸು ಮೇಜಿನ ಹಿಂದೆ ಕೂತಿದ್ದಳು. ಸ್ಟೆಲಿಯೊಸ್ ಕಿಟಕಿಯ ಹತ್ತಿರ ನಿಂತು ತನ್ನ ಬೂಟು ನೋಡುತ್ತಿದ್ದ. ಕಾಗದ ಇಂಗ್ಲಿಷಿನಲ್ಲಿತ್ತು. ನಾನು ಇಂಗ್ಲಿಷ್ ನಿಧಾನವಾಗಿ ಓದುತ್ತೇನೆ, ಆದರೆ ಓದುತ್ತೇನೆ. ಪ್ರಯಾಣಿಕನೊಬ್ಬ ಕ್ಯಾಪ್ಟನ್ ಅನುಮತಿ ಇಲ್ಲದೆ ಎಂಜಿನ್ ಬಿಚ್ಚಿದ, ಅದರಿಂದ ಎಂಜಿನ್ ಕೆಟ್ಟು ದೋಣಿ ಅಪಾಯಕ್ಕೆ ಸಿಕ್ಕಿತು ಎಂದು ಬರೆದಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಅದರ ಕೆಳಗೆ ಸಾಕ್ಷಿ. ಅಲ್ಲಿ ವಾಲ್ಟರ್‌ರ ಸಹಿ ಆಗಿತ್ತು, ಶಾಯಿ ಇನ್ನೂ ಹೊಳೆಯುತ್ತಿತ್ತು.

ಸ್ಟೆಲಿಯೊಸ್ ಯಾರೋ ಹೊರಗಿನವನು. ಆದರೆ ಲಂಗರು ಹಿಡಿದು ನನಗೆ ನಿಧಾನ ಮಾಡಿ ಅಂದವರು ಈ ಸಹಿ ಹಾಕಿದ್ದರು.

"ಇದು ಸುಳ್ಳು," ಎಂದೆ.

"ಇನ್ಶೂರೆನ್ಸಿಗೆ ಮಾತ್ರ," ಅಂದಳು ಮ್ಯಾನೇಜರ್. "ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಸಂಜೆಗೆ ನೀವು ನಿಮ್ಮ ಮನೆಯಲ್ಲಿರುತ್ತೀರಿ. ಕ್ಯಾಪ್ಟನ್ ನಾಳೆಯೂ ಇಲ್ಲಿ ಕೆಲಸ ಮಾಡಬೇಕು."

"ಏನೂ ಕೇಳುವುದಿಲ್ಲ ಅಂದರೆ ನನ್ನ ಹೆಸರು ಯಾಕೆ?"

"ಯಾರದಾದರೂ ಒಂದು ಹೆಸರು ಬೇಕಲ್ಲ," ಅಂದಳು. ಗಟ್ಟಿ ಮಾಡಿ ಹೇಳಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕೇಳುವ ಹಾಗೆ ಸಹಜವಾಗಿ ಹೇಳಿದಳು.

ನಾನು ಚೀಲದಿಂದ ಬಾಟಲಿ ತೆಗೆದು ಕಾಗದದ ಪಕ್ಕ ಇಟ್ಟೆ. ಎರಡು ದಿನದಲ್ಲಿ ಅದು ಚೆನ್ನಾಗಿ ಬೇರೆಯಾಗಿತ್ತು. ಕೆಳಗೆ ನೀರು, ಅದರ ತಳದಲ್ಲಿ ಕೆಸರು, ಮೇಲೆ ಬೆರಳಗಲ ಡೀಸೆಲ್. ಮ್ಯಾನೇಜರ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ದೋಣಿಗಳ ಆಫೀಸಿನಲ್ಲಿ ಕೂತವಳಿಗೆ ಅದನ್ನು ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಸ್ಟೆಲಿಯೊಸ್‌ಗೆ ಗ್ರೀಕಿನಲ್ಲಿ ಎರಡು ಮಾತು ಹೇಳಿದಳು. ಆದರೂ ಅವಳು ನನ್ನ ಕಡೆ ತಿರುಗಿ, ಸಹಿ ಇಲ್ಲದೆ ಪಾಸ್‌ಪೋರ್ಟ್ ಕೊಡಲು ಬರುವುದಿಲ್ಲ, ಬೇಕಿದ್ದರೆ ನಾಲ್ಕು ಗಂಟೆಗೆ ಮಾಲೀಕರು ಬರುತ್ತಾರೆ, ಅವರೊಡನೆ ಮಾತಾಡಿ ಅಂದಳು. ಎಂಜಿನ್ ಕೆಟ್ಟದ್ದು ಯಾಕೆ ಎಂದು ಗೊತ್ತಾದ ಮೇಲೂ ಅಂದಳು. ನನ್ನ ಸಿಟ್ಟೆಲ್ಲ ಇರುವುದು ಆ ಒಂದು ಗಳಿಗೆಯಲ್ಲಿ.

ಸುಮಾ ಒಳಗೆ ಬಂದು ವಿಷಯ ಕೇಳಿ ಗೋಡೆ ಬದಿಯ ಕುರ್ಚಿಯಲ್ಲಿ ಕೂತಳು. ಪಲ್ಲವಿಯನ್ನೂ ಕೂರಿಸಿಕೊಂಡಳು. "ನಾಕಕ್ಕರ ಬರ್ಲಿ, ನಾಳೆಗರ ಬರ್ಲಿ. ನೀವು ಮಾತ್ರ ಅದಕ್ಕ ಕೈ ಹಚ್ಚಬ್ಯಾಡ್ರಿ."

ವಾಲ್ಟರ್ ಬಾಗಿಲಲ್ಲಿ ನಿಂತಿದ್ದರು. "ಬಸಣ್ಣ, ಬರೀ ಒಂದು ಕಾಗದ. ಫ್ಲೈಟ್ ಹೋಗ್ತದೆ. ನಾಳೆ ಇವಳು ಡ್ಯೂಟಿಗೆ ಹೋಗದಿದ್ರೆ ಮೆಮೊ ಕೊಡ್ತಾರೆ. ಕಾಂಟ್ರಾಕ್ಟ್ ರಿನ್ಯೂ ಆಗುವ ಸಮಯ."

"ನೀವು ಅಲ್ಲೇ ಇದ್ರಿ," ಎಂದೆ. "ಅಂವ ನನ್ನ ತೋಳ ಹಿಡದು ಕೇಳಿದ್ದನ್ನ ನೀವು ನೋಡೀರಿ."

ಅಷ್ಟರಲ್ಲಿ ಪ್ರೆಸಿಲ್ಲಾ ಗಂಡನನ್ನು ಸರಿಸಿ ಒಳಗೆ ಬಂದರು. ಕಾಗದ ಎತ್ತಿಕೊಂಡು ನಿಂತಲ್ಲೇ ಓದಿದರು. ಗಂಡನ ಸಹಿಯ ಮೇಲೆ ಅವರ ಬೆರಳು ಒಂದು ಕ್ಷಣ ನಿಂತಿತು. ಮ್ಯಾನೇಜರಿನ ಮೇಜಿನಿಂದ ಪೆನ್ನು ತೆಗೆದುಕೊಂಡು ಆ ಸಹಿಯ ಕೆಳಗೆ ಇಂಗ್ಲಿಷಿನಲ್ಲಿ ಬರೆದರು: ಇದು ನಿಜವಲ್ಲ, ಕ್ಯಾಪ್ಟನ್ನೇ ಬೇಡಿಕೊಂಡರು, ಟಾರ್ಚ್ ಹಿಡಿದದ್ದು ನಾನು. ತಮ್ಮ ಹೆಸರು ಬರೆದು ಸಹಿ ಮಾಡಿದರು. ಆಮೇಲೆ ಕೈಚೀಲದಿಂದ ತಮ್ಮ ಪಾಸ್‌ಪೋರ್ಟ್ ತೆಗೆದು ಮೇಜಿನ ಮೇಲಿಟ್ಟರು.

"ಅವರ ಮೂರು ಇಲ್ಲಿ ಇರುವುದಾದರೆ ನನ್ನದೂ ಇರಲಿ," ಅಂದರು ಆ ಹೆಂಗಸಿಗೆ.

ಮುಂದಿನ ಎರಡು ಗಂಟೆ ನಾವು ಅಲ್ಲೇ ಕೂತೆವು. ಗಡಿಯಾರ ಹನ್ನೆರಡು ದಾಟಿತು, ಒಂದು ದಾಟಿತು. ಸ್ಟೆಲಿಯೊಸ್ ಸಿಗರೇಟಿಗೆಂದು ಹೊರಗೆ ಹೋದವನು ಒಳಗೆ ಬರಲಿಲ್ಲ. ಒಂದೂವರೆಗೆ, ಇನ್ನು ಓಡಿದರೂ ವಿಮಾನ ಸಿಗುವುದಿಲ್ಲ ಎಂದು ಎಲ್ಲರಿಗೂ ಖಚಿತವಾದ ಮೇಲೆ, ಮ್ಯಾನೇಜರ್ ಆ ಕಾಗದವನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದಳು. ನಾಲ್ಕು ಪಾಸ್‌ಪೋರ್ಟ್‌ಗಳನ್ನು ಮೇಜಿನ ಮೇಲೆ ತಳ್ಳಿದಳು. ಅವಳೂ ತಪ್ಪಾಯಿತು ಅನ್ನಲಿಲ್ಲ. ಬಾಟಲಿ ತೆಗೆದುಕೊಂಡು ಹೋಗಿ, ಮೇಜು ವಾಸನೆಯಾಗುತ್ತದೆ ಎಂದಳು.

ನಾನು ಬಾಟಲಿಯನ್ನು ಅಲ್ಲೇ ಬಿಟ್ಟು ಬಂದೆ.

ಮರುದಿನದ ವಿಮಾನಕ್ಕೆ ಜಾಗ ಸಿಕ್ಕಿತು. ಮಧ್ಯಾಹ್ನವೆಲ್ಲ ಸಮುದ್ರದ ಎದುರಿನ ಖರ್ಜೂರದ ಮರಗಳ ಸಾಲಿನ ಕೆಳಗೆ ಚೀಲಗಳ ಮೇಲೆ ಕೂತೆವು. ಹೆಂಗಸರು ಪಲ್ಲವಿಯನ್ನು ಕರೆದುಕೊಂಡು ಐಸ್‌ಕ್ರೀಮಿಗೆ ಹೋದಾಗ ವಾಲ್ಟರ್ ನನ್ನ ಪಕ್ಕ ಬಂದು ಕೂತರು.

"ಸಮುದ್ರಕ್ಕೆ ನಾನು ಹೆದರುವುದಿಲ್ಲ ಬಸಣ್ಣ," ಅಂದರು. "ಕಾಗದ ಕಂಡ್ರೆ ನನಗೆ ಹೆದರಿಕೆ. ಯಾರಾದ್ರೂ ಮೇಜಿನ ಹಿಂದೆ ಕೂತು ಸೈನ್ ಹಾಕು ಅಂದ್ರೆ ಆಯ್ತು. ಕುವೈತಿನಲ್ಲಿ ಇರ್ಲಿಕ್ಕೆ ಇಕಾಮಾಕ್ಕೆ ಹಾಕಿದ ಹಾಗೆ, ಕಾಂಟ್ರಾಕ್ಟಿಗೆ ಹಾಕಿದ ಹಾಗೆ. ಓದುವುದೇ ಇಲ್ಲ ನಾನು."

"ಇದನ್ನ ಓದೀರಿ," ಎಂದೆ.

"ಓದಿದ್ದೆ," ಅಂದರು.

ನಾನು ಎದ್ದು ಬೇರೆ ಕಡೆ ಹೋಗಿ ಕೂತೆ. ವಿಮಾನದಲ್ಲೂ ಬೇರೆ ಸಾಲಿನಲ್ಲಿ ಕೂತೆ.

ಬ್ನೇದ್ ಅಲ್ ಗಾರ್

ಕುವೈತಿಗೆ ಬಂದ ಮೇಲೆ ಮೂರು ಶುಕ್ರವಾರ ನಮ್ಮ ಎರಡು ಮನೆಗಳ ಊಟ ಬೇರೆ ಬೇರೆ ಆಯಿತು. ಸುಮಾ ಮತ್ತು ಪ್ರೆಸಿಲ್ಲಾ ಫೋನಿನಲ್ಲಿ ಮಾತಾಡುತ್ತಿದ್ದರು. ನನ್ನ ಮುಂದೆ ವಾಲ್ಟರ್‌ರ ಹೆಸರು ತೆಗೆಯುತ್ತಿರಲಿಲ್ಲ.

ಪ್ರೆಸಿಲ್ಲಾರಿಗೆ ಮೆಮೊ ಬಂದಿತ್ತು. ರಜೆ ಇಲ್ಲದೆ ಗೈರುಹಾಜರಾದದ್ದಕ್ಕೆ ಬರವಣಿಗೆಯಲ್ಲಿ ಕಾರಣ ಕೊಡಬೇಕಿತ್ತು. ಒಂದು ಸಂಜೆ ಅವರು ಪ್ರವಾಸದ ಫೋಟೋಗಳನ್ನು ಕೊಡಲು ನಮ್ಮ ಮನೆಗೆ ಬಂದರು. ಅವುಗಳ ಜೊತೆ ಮಡಚಿದ ಒಂದು ಹಾಳೆ ನನ್ನ ಕೈಗೆ ಕೊಟ್ಟರು.

"ಓದಿ. ಮೆಟ್ರನ್‌ಗೆ ಕೊಟ್ಟದ್ದರ ಕಾಪಿ. ನನ್ನ ಹೆಸರಿನಲ್ಲಿ ಉಂಟು, ಆದ್ರೆ ಬರೆದವರು ವಾಲ್ಟರ್. ಫ್ಲೈಟ್ ಮಿಸ್ ಆಯ್ತು ಅಂತ ಮಾತ್ರ ಬರೆಯಿರಿ ಅಂತ ನಾನು ಹೇಳಿದ್ದೆ. ಕೇಳಲಿಲ್ಲ."

ವಾಲ್ಟರ್‌ರ ಅಕ್ಷರ ನನಗೆ ಗೊತ್ತು. ನನ್ನ ಎಕ್ಸ್‌ರೇ ಲಕೋಟೆಯ ಮೇಲೆ ಹೆಸರು ಬರೆದವರು ಅವರೇ. ಹಾಳೆಯಲ್ಲಿ ನಡೆದದ್ದೆಲ್ಲ ಇತ್ತು, ಗಾಳಿ, ಲಂಗರು, ಎಂಜಿನ್. ಮೂರನೆಯ ಪ್ಯಾರಾದಲ್ಲಿ ಹೀಗಿತ್ತು: ನಮ್ಮ ಜೀವ ಉಳಿಸಿದ ಸ್ನೇಹಿತನ ವಿರುದ್ಧ ನನ್ನ ಗಂಡ ತಿಳಿದೂ ಸುಳ್ಳು ಹೇಳಿಕೆಗೆ ಸಹಿ ಹಾಕಿದ್ದರು, ಅದನ್ನು ಸರಿಪಡಿಸಲು ನಾನು ಅಲ್ಲಿ ಉಳಿಯಬೇಕಾಯಿತು.

ಆ ಮಾತು ಅಲ್ಲಿ ಬೇಕಿರಲಿಲ್ಲ. ಯಾವ ಮೆಟ್ರನ್ನೂ ಅದನ್ನು ಕೇಳಿರಲಿಲ್ಲ. ಆ ಕಾಗದ ಪ್ರೆಸಿಲ್ಲಾರ ಫೈಲಿನಲ್ಲಿ ಅವರು ಆ ಆಸ್ಪತ್ರೆಯಲ್ಲಿರುವಷ್ಟು ಕಾಲ ಇರುತ್ತದೆ.

"ಮತ್ತ ಕಾಂಟ್ರಾಕ್ಟ್?" ಎಂದು ಸುಮಾ ಕೇಳಿದಳು.

"ರಿನ್ಯೂ ಮಾಡಿದ್ದಾರೆ. ಆದ್ರೆ ಆರು ತಿಂಗಳು ನೈಟ್ ಡ್ಯೂಟಿ," ಅಂದರು ಪ್ರೆಸಿಲ್ಲಾ.

ಸ್ಟೆಲಿಯೊಸ್ ಮೇಲಿನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆ ಮ್ಯಾನೇಜರ್ ಹೆಂಗಸಿನ ಮೇಲಿನದಂತೂ ಇನ್ನೂ ಹೆಚ್ಚಾಗಿದೆ. ಅವಳಿಗೆ ನಿಜ ಗೊತ್ತಿತ್ತು. ಆದರೆ ಆ ಶುಕ್ರವಾರ ನಾನು ಎಂದಿಗಿಂತ ಬೇಗ ಎದ್ದು, ಅಂಗಿ ಇಸ್ತ್ರಿ ಮಾಡಿಕೊಂಡು, ಸುಮಾ ಮತ್ತು ಪಲ್ಲವಿಯನ್ನು ಹೊರಡಿಸಿದೆ.

ಬಾಗಿಲು ತೆಗೆದವರು ವಾಲ್ಟರ್. ಅಂಗಿಯ ತೋಳು ಮಡಚಿಕೊಂಡಿದ್ದರು, ಕೈಯಲ್ಲಿ ಹೆಚ್ಚಿದ ಈರುಳ್ಳಿಯ ವಾಸನೆ. ನಮ್ಮನ್ನು ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಎಂತ ಬಸಣ್ಣ," ಅಂದರು.

"ಏನಿಲ್ರಿ. ಊಟಕ್ಕ ಬಂದೀವಿ."

ಒಳಗಿನಿಂದ ಪ್ರೆಸಿಲ್ಲಾ, ಮೀನು ಮಾತ್ರ ಮಾಡಿದ್ದೇನೆ, ನಿಮಗೆ ಬೇರೆ ಮಾಡಲು ಸ್ವಲ್ಪ ಹೊತ್ತಾಗುತ್ತದೆ ಎಂದು ಕೂಗಿದರು.

"ಆಗ್ಲಿ ಬಿಡ್ರಿ ಅಕ್ಕಾರ," ಎಂದು ನಾನು ಚಪ್ಪಲಿ ಬಿಟ್ಟೆ. "ಅವಸರ ಏನಿಲ್ಲ."